ಕನ್ಸಲ್ಟೆನ್ಸಿ ಮೂಲಕ ಕೆಲಸ ಹುಡುಕುವಾಗ ಆಧಾರ್, ಪ್ಯಾನ್, ಫೋನ್ ನಂಬರ್ ಕಾಪಾಡಿಕೊಳ್ಳುವುದು ಹೇಗೆ?

ರೆಸ್ಯೂಮೆಯನ್ನು ಜಾಬ್ ಪೋರ್ಟಲ್‌ಗೆ ಹಾಕಿದ ಮರುದಿನದಿಂದ ಫೋನ್ ಶುರುವಾಗುತ್ತದೆ. ‘ಸರ್, ಜಾಬ್ ಚೇಂಜ್‌ಗೆ ನೋಡ್ತಾ ಇದೀರಾ?’ ಅಂತ ಒಬ್ಬರು, ‘ಮೇಡಂ, ಇಮ್ಮೀಡಿಯೆಟ್ ಜಾಯಿನರ್ ಬೇಕಿತ್ತು’ ಅಂತ ಇನ್ನೊಬ್ಬರು. ಮಾತು ಮುಗಿಯುವಷ್ಟರಲ್ಲಿ ವಾಟ್ಸಾಪ್‌ನಲ್ಲಿ ಪಟ್ಟಿ ಬಂದು ಕೂತಿರುತ್ತದೆ: ಸಿವಿ, ಫೋಟೋ, ಆಧಾರ್, ಪ್ಯಾನ್, ಮೂರು ತಿಂಗಳ ಪೇಸ್ಲಿಪ್. ತಡ ಮಾಡಿದರೆ ಅವಕಾಶ ಕೈತಪ್ಪೀತು ಅನ್ನುವ ಭಯಕ್ಕೆ ಬಹಳಷ್ಟು ಮಂದಿ ಅಷ್ಟನ್ನೂ ಆಗಲೇ ಕಳಿಸಿಬಿಡುತ್ತಾರೆ.

ಕಳಿಸಲೇಬಾರದು ಅಂತ ನಾನು ಹೇಳುವುದಿಲ್ಲ. ದಾಖಲೆ ಕೊಡದೆ ಯಾರಿಗೂ ಕೆಲಸ ಸಿಗುವುದಿಲ್ಲ. ಆದರೆ ಯಾವ ದಾಖಲೆ ಯಾರಿಗೆ, ಯಾವ ಹಂತದಲ್ಲಿ ಅನ್ನುವುದಕ್ಕೆ ಒಂದು ಸರದಿ ಇದೆ. ಕನ್ಸಲ್ಟೆನ್ಸಿಗೆ ಬೇಕಿರುವುದು ನಿಮಗೆ ಏನು ಕೆಲಸ ಬರುತ್ತದೆ ಅನ್ನುವ ವಿವರ. ನೀವು ಯಾರು ಅನ್ನುವುದಕ್ಕೆ ಪುರಾವೆ ಬೇಕಿರುವುದು ಸಂಬಳ ಕೊಡುವವರಿಗೆ, ಅದೂ ಆಫರ್ ಕೈಗೆ ಬಂದ ಮೇಲೆ. ಮುಂದೆ ಬರುವ ಹಂತಗಳೆಲ್ಲ ಈ ಸರದಿಯನ್ನು ಕಾಯ್ದುಕೊಳ್ಳುವ ದಾರಿಗಳು.

ಹಂತ 1: ಫೋನ್ ಮಾಡಿದವರು ಯಾರು, ಮೊದಲು ತಿಳಿದುಕೊಳ್ಳಿ

‘ಏಜೆನ್ಸಿ’ ಅನ್ನುವ ಒಂದೇ ಹೆಸರಿನಡಿ ಬೇರೆ ಬೇರೆ ಥರದವರು ಇದ್ದಾರೆ. ನೇಮಕಾತಿ ಕನ್ಸಲ್ಟೆನ್ಸಿ ನಿಮ್ಮ ರೆಸ್ಯೂಮೆಯನ್ನು ಕಂಪನಿಗೆ ಮುಟ್ಟಿಸುತ್ತದೆ. ನೀವು ಸೇರಿದರೆ ಕಂಪನಿಯಿಂದ ಅದಕ್ಕೆ ಕಮಿಷನ್. ಮ್ಯಾನ್‌ಪವರ್ ಅಥವಾ ಸ್ಟಾಫಿಂಗ್ ಏಜೆನ್ಸಿ ಹಾಗಲ್ಲ, ನಿಮ್ಮನ್ನು ತನ್ನ ಪೇರೋಲ್‌ಗೇ ತೆಗೆದುಕೊಂಡು ಬೇರೆ ಕಡೆ ಕೆಲಸಕ್ಕೆ ಹಾಕುತ್ತದೆ. ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಗೋದಾಮು, ಪೀಣ್ಯದ ಕಾರ್ಖಾನೆಗಳ ಗುತ್ತಿಗೆ ಕೆಲಸಗಳು ಹೆಚ್ಚಾಗಿ ಈ ದಾರಿಯಲ್ಲೇ ನಡೆಯುತ್ತವೆ. ಮೂರನೆಯವರು ವಿದೇಶಕ್ಕೆ ಕಳಿಸುವ ಏಜೆಂಟರು. ಇವರ ಜೊತೆಗೆ ಕಚೇರಿ, ವಿಳಾಸ ಏನೂ ಇಲ್ಲದೆ ಒಂದು ವಾಟ್ಸಾಪ್ ನಂಬರ್ ಇಟ್ಟುಕೊಂಡು ‘ಏರ್‌ಪೋರ್ಟ್ ಗ್ರೌಂಡ್ ಸ್ಟಾಫ್ ಬೇಕಾಗಿದ್ದಾರೆ’ ಅನ್ನುವವರೂ ಇದ್ದಾರೆ.

ಕನ್ಸಲ್ಟೆನ್ಸಿಯ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಕೇಳಿ. ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಕರ್ನಾಟಕದಲ್ಲಿ ನೋಂದಣಿಯಾಗಿದ್ದರೆ ಅದು 29ರಿಂದ ಶುರುವಾಗುತ್ತದೆ, ನಂತರದ ಹತ್ತು ಆ ಸಂಸ್ಥೆಯ ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನ ಹುಡುಕಾಟದಲ್ಲಿ ಅದನ್ನು ಹಾಕಿದರೆ ಸಂಸ್ಥೆಯ ನೋಂದಾಯಿತ ಹೆಸರೂ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಅನ್ನುವುದೂ ಸಿಗುತ್ತದೆ. ಲಾಗಿನ್ ಬೇಕಿಲ್ಲ, ದುಡ್ಡೂ ಇಲ್ಲ. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ಕನ್ಸಲ್ಟೆನ್ಸಿಗೆ ಜಿಎಸ್‌ಟಿ ಇಲ್ಲದಿರಬಹುದು, ಹಾಗಾಗಿ ನಂಬರ್ ಇಲ್ಲ ಅಂದ ಮಾತ್ರಕ್ಕೆ ಮೋಸ ಅಂತ ತೀರ್ಮಾನಿಸಬೇಡಿ. ಆದರೆ ಹೆಸರು, ವಿಳಾಸ ಕೇಳಿದ್ದಕ್ಕೇ ರೇಗುವವರಿಗೆ ರೆಸ್ಯೂಮೆ ಕೊಡಬೇಡಿ.

ಮೇಲ್ ಬಂದಿದ್ದರೆ ಕಳಿಸಿದವರ ಹೆಸರಿಗಿಂತ ಮೇಲ್ ಐಡಿಯ ಕೊನೆಯ ಭಾಗ ಮುಖ್ಯ. ದೊಡ್ಡ ಐಟಿ ಕಂಪನಿಯ ಎಚ್‌ಆರ್ ಅಂತ ಹೇಳಿಕೊಂಡವರ ಮೇಲ್ ಜಿಮೇಲ್‌ನಿಂದ ಬಂದಿದ್ದರೆ ಅಲ್ಲಿಗೆ ಮುಗಿಯಿತು. ಕಂಪನಿಯ ಹೆಸರಿಗೆ ‘ಕೆರಿಯರ್ಸ್’, ‘ಎಚ್‌ಆರ್’, ‘ಇಂಡಿಯಾ’ ಅಂತ ಬಾಲ ಅಂಟಿಸಿ ಮಾಡಿದ ವಿಳಾಸಗಳೂ ಇರುತ್ತವೆ. ಕಂಪನಿಯ ವೆಬ್‌ಸೈಟನ್ನು ನೀವೇ ಹುಡುಕಿ ತೆಗೆದು, ಅದರ ಉದ್ಯೋಗ ಪುಟದಲ್ಲಿ ಆ ಹುದ್ದೆ ಇದೆಯೇ ನೋಡಿ. ಮೇಲ್‌ನಲ್ಲಿರುವ ಲಿಂಕ್ ಒತ್ತಿ ಹೋದರೆ ಪರೀಕ್ಷೆ ಮಾಡಿದಂತಾಗುವುದಿಲ್ಲ.

ಹಂತ 2: ಕೆಲಸದ ಹುಡುಕಾಟಕ್ಕೇ ಒಂದು ಮೇಲ್, ಸಾಧ್ಯವಾದರೆ ಒಂದು ನಂಬರ್

ಬ್ಯಾಂಕ್, ಆಧಾರ್, ಯುಪಿಐ ಎಲ್ಲಕ್ಕೂ ಕೊಟ್ಟಿರುವ ನಂಬರನ್ನೇ ರೆಸ್ಯೂಮೆ ಮೇಲೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ಸಾಧ್ಯವಿದ್ದರೆ ಇನ್ನೊಂದು ಸಿಮ್ ಇಟ್ಟುಕೊಳ್ಳಿ. ಎರಡು ಸಿಮ್‌ಗೆ ರೀಚಾರ್ಜ್ ಮಾಡುವುದು ಹೊರೆಯಾದರೆ ಮೇಲ್ ಐಡಿಯನ್ನಾದರೂ ಬೇರೆ ಮಾಡಿ, ಅದಕ್ಕೆ ಖರ್ಚಿಲ್ಲ.

ಜಿಮೇಲ್ ಬಳಸುವವರಿಗೆ ಒಂದು ಸಣ್ಣ ಉಪಾಯ. ನಿಮ್ಮ ಐಡಿಯಲ್ಲಿ @ ಚಿಹ್ನೆಗೆ ಮುಂಚೆ ಪ್ಲಸ್ ಗುರುತು ಹಾಕಿ ಯಾವುದಾದರೂ ಪದ ಸೇರಿಸಿದರೂ ಮೇಲ್ ನಿಮ್ಮ ಪೆಟ್ಟಿಗೆಗೇ ಬರುತ್ತದೆ. ಒಂದೊಂದು ಕನ್ಸಲ್ಟೆನ್ಸಿಗೆ ಅದರ ಹೆಸರು ಸೇರಿಸಿದ ಐಡಿ ಕೊಡಿ. ಮುಂದೆ ಯಾವುದೋ ಸಾಲದ ಕಂಪನಿಯ ಜಾಹೀರಾತು ಆ ಐಡಿಗೆ ಬಂದರೆ ನಿಮ್ಮ ಮಾಹಿತಿ ಯಾರ ಕೈಯಿಂದ ಜಾರಿತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಕೆಲವು ಫಾರ್ಮ್‌ಗಳು ಪ್ಲಸ್ ಗುರುತನ್ನು ಒಪ್ಪುವುದಿಲ್ಲ. ಅಲ್ಲಿ ಮಾಮೂಲು ಐಡಿಯನ್ನೇ ಕೊಡಿ.

ಹಂತ 3: ರೆಸ್ಯೂಮೆಯಿಂದ ಏನೇನು ತೆಗೆಯಬೇಕು

ನಮ್ಮ ರೆಸ್ಯೂಮೆಗಳಲ್ಲಿ ಸ್ಟೇಷನರಿ ಅಂಗಡಿಯ ಬಯೋಡೇಟಾ ಹಾಳೆಯ ನೆರಳು ಇನ್ನೂ ಹೋಗಿಲ್ಲ. ತಂದೆಯ ಹೆಸರು, ಹುಟ್ಟಿದ ದಿನಾಂಕ, ಮದುವೆ ಆಗಿದೆಯೋ ಇಲ್ಲವೋ, ಧರ್ಮ, ಜಾತಿ, ಮನೆ ನಂಬರ್ ಸಮೇತ ಕಾಯಂ ವಿಳಾಸ, ಕೆಲವರದ್ದರಲ್ಲಿ ಪಾಸ್‌ಪೋರ್ಟ್ ಮತ್ತು ಪ್ಯಾನ್ ನಂಬರ್, ಕೊನೆಗೆ ‘ಮೇಲಿನ ವಿವರಗಳೆಲ್ಲ ಸತ್ಯ’ ಅಂತ ಘೋಷಣೆ, ಅದರ ಕೆಳಗೆ ಸ್ಕ್ಯಾನ್ ಮಾಡಿದ ಸಹಿ. ಕಂಪನಿಯ ಮ್ಯಾನೇಜರ್ ಇದರಲ್ಲಿ ಒಂದನ್ನೂ ಓದುವುದಿಲ್ಲ. ಕದಿಯುವವನಿಗೆ ಮಾತ್ರ ಎಲ್ಲವೂ ಉಪಯೋಗಕ್ಕೆ ಬರುತ್ತದೆ.

ಹೇಗೆ ಅಂತ ಒಂದು ಉದಾಹರಣೆ ನೋಡಿ. ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ ತಾಣದಿಂದ ಇಳಿಸಿಕೊಂಡ ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ವರ್ಷ. ಈ ಸೂತ್ರ ಗುಟ್ಟಲ್ಲ, ಯುಐಡಿಎಐ ತಾನೇ ಪ್ರಕಟಿಸಿದೆ. ಅಂದರೆ ಹುಟ್ಟಿದ ದಿನಾಂಕವಿರುವ ರೆಸ್ಯೂಮೆಯನ್ನೂ ಇ-ಆಧಾರ್ ಪಿಡಿಎಫನ್ನೂ ಒಂದೇ ಮೇಲ್‌ನಲ್ಲಿ ಕಳಿಸಿದರೆ ಬೀಗದ ಜೊತೆಗೆ ಕೀಲಿಯನ್ನೂ ಕೊಟ್ಟಂತೆ. ಕೆಲವು ಬ್ಯಾಂಕುಗಳ ಸ್ಟೇಟ್‌ಮೆಂಟ್ ಪಿಡಿಎಫ್‌ಗಳೂ ಇದೇ ಥರ ಹೆಸರು, ಹುಟ್ಟಿದ ದಿನಾಂಕದ ಮೇಲೆ ನಿಂತಿರುತ್ತವೆ.

ಆದ್ದರಿಂದ ರೆಸ್ಯೂಮೆಯಲ್ಲಿ ಹೆಸರು, ಫೋನ್, ಮೇಲ್, ಊರು, ಇಷ್ಟಿದ್ದರೆ ಸಾಕು. ಊರು ಅಂದರೆ ‘ವಿಜಯನಗರ, ಬೆಂಗಳೂರು’ ಅನ್ನುವಷ್ಟೇ. ಆಮೇಲೆ ಓದು, ಅನುಭವ, ಕೌಶಲ. ಫೋಟೋ ಬೇಡ, ವಿಮಾನಯಾನ, ಹೋಟೆಲ್ ಫ್ರಂಟ್ ಆಫೀಸಿನಂಥ ಕಡೆ ಕೇಳಿದರೆ ಆಗ ಕೊಡಬಹುದು. ಸಹಿಯಂತೂ ಬೇಡವೇ ಬೇಡ. ರೆಫರೆನ್ಸ್ ಅಂತ ಹಳೆಯ ಮ್ಯಾನೇಜರ್ ಹೆಸರು, ನಂಬರ್ ಬರೆದಿಡುವ ಅಭ್ಯಾಸವನ್ನೂ ಬಿಡಿ. ಅದು ಅವರ ಮಾಹಿತಿ. ಇಂಟರ್‌ವ್ಯೂ ಮುಗಿದು ಕಂಪನಿ ಕೇಳಿದಾಗ ಅವರನ್ನು ಒಂದು ಮಾತು ಕೇಳಿ ಕೊಟ್ಟರಾಯಿತು.

ಫೈಲನ್ನು ವರ್ಡ್‌ನಲ್ಲಿ ಕಳಿಸದೆ ಪಿಡಿಎಫ್ ಮಾಡಿ ಕಳಿಸಿ. ವರ್ಡ್ ಫೈಲಿನಲ್ಲಿ ಹಳೆಯ ತಿದ್ದುಪಡಿಗಳು ಉಳಿದುಕೊಂಡಿರಬಹುದು. ಅದಕ್ಕಿಂತ ಹೆಚ್ಚಿನ ತೊಂದರೆ ಏನೆಂದರೆ, ಕೆಲವು ಕನ್ಸಲ್ಟೆನ್ಸಿಗಳು ಅದೇ ಫೈಲಿನಲ್ಲಿ ನಿಮಗಿಲ್ಲದ ಎರಡು ವರ್ಷದ ಅನುಭವ ಸೇರಿಸಿ ಕಂಪನಿಗೆ ಕಳಿಸಿಬಿಡುತ್ತವೆ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವವರು ನೀವು, ಅವರಲ್ಲ. ‘ಕಂಪನಿಗೆ ಕಳಿಸಿದ ಪ್ರತಿಯನ್ನು ನನಗೂ ಕಳಿಸಿ’ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಯಾರೋ ಹಾಕಿದ ‘ಹೈರಿಂಗ್’ ಪೋಸ್ಟಿನ ಕೆಳಗೆ ನೂರಾರು ಜನ ತಮ್ಮ ಮೇಲ್ ಐಡಿ, ನಂಬರ್ ಬರೆದಿರುವುದನ್ನು ನೋಡಿರುತ್ತೀರಿ. ಟೆಲಿಗ್ರಾಂ ಗುಂಪುಗಳಲ್ಲಂತೂ ಸಿವಿ ಫೈಲನ್ನೇ ಹಾಕಿಬಿಡುತ್ತಾರೆ. ಇದನ್ನು ಮಾಡಬೇಡಿ ಅನ್ನುವುದಕ್ಕೆ ಸ್ಪ್ಯಾಮ್ ಒಂದೇ ಕಾರಣವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ವ್ಯಕ್ತಿ ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿಕೊಂಡ ಮಾಹಿತಿಗೆ ಆ ಕಾಯ್ದೆಯ ರಕ್ಷಣೆ ಅನ್ವಯಿಸುವುದಿಲ್ಲ. ಎಲ್ಲರಿಗೂ ಕಾಣುವಂತೆ ಬಿಟ್ಟ ನಂಬರ್ ಬಗ್ಗೆ ಆಮೇಲೆ ಆ ಕಾಯ್ದೆಯಡಿ ದೂರು ಕೊಡಲು ನೆಲೆಯೇ ಇರುವುದಿಲ್ಲ.

ಹಂತ 4: ಪೋರ್ಟಲ್‌ಗಳ ಸೆಟ್ಟಿಂಗ್ಸ್

ಜಾಬ್ ಪೋರ್ಟಲ್‌ಗಳಲ್ಲಿ ನಿಮ್ಮ ಪ್ರೊಫೈಲ್ ಯಾವ ಕಂಪನಿಗೆ ಕಾಣಬಾರದು ಅಂತ ಹೇಳುವ ಆಯ್ಕೆ ಇದೆಯೇ ನೋಡಿ, ನೌಕರಿಯಲ್ಲಿ ಇದೆ. ಈಗಿನ ಕಂಪನಿಯ ಹೆಸರನ್ನು ಮೊದಲ ದಿನವೇ ಅಲ್ಲಿ ಹಾಕಿ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುತ್ತಿದ್ದೇನೆ ಅನ್ನುವುದನ್ನು ಎಲ್ಲರಿಗೂ ತೋರಿಸುವ ಹಸಿರು ಪಟ್ಟಿಯ ಬದಲು ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು.

ಹಂತ 5: ಫೋನಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು

ಮೊದಲ ಕರೆಯಲ್ಲಿ ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಪೀರಿಯಡ್, ಕೆಲಸದ ಜಾಗ ಕೇಳುತ್ತಾರೆ. ಇವಿಷ್ಟೂ ನ್ಯಾಯವಾದ ಪ್ರಶ್ನೆಗಳೇ. ನಂತರ ದಾಖಲೆಯ ಮಾತು ಬಂದಾಗ ಹೀಗೆ ಹೇಳಬಹುದು:

‘ಸರ್, ಆಧಾರ್ ಕಾಪಿ ಕಳಿಸಿ, ಪ್ರೊಫೈಲ್ ಸಬ್ಮಿಟ್ ಮಾಡ್ಬೇಕು.’

‘ಆಫರ್ ಬಂದ ಮೇಲೆ ಕಂಪನಿ ಎಚ್‌ಆರ್‌ಗೇ ಕೊಡ್ತೀನಿ ಮೇಡಂ. ಈಗ ಯಾವ ಕಂಪನಿ, ಯಾವ ಪೊಸಿಷನ್ ಅಂತ ಮೇಲ್ ಮಾಡಿ.’

‘ಅದು ಪೋರ್ಟಲ್‌ನಲ್ಲಿ ಮ್ಯಾಂಡೇಟರಿ ಸರ್.’

‘ಪೋರ್ಟಲ್‌ಗೆ ನಂಬರ್ ಬೇಕಾ, ಕಾಪಿನೇ ಬೇಕಾ? ಅದನ್ನೂ ಮೇಲ್‌ನಲ್ಲೇ ಬರೆದು ಕಳಿಸಿ.’

ಕೊನೆಯ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಕನ್ಸಲ್ಟೆನ್ಸಿಗಳು ಅಭ್ಯರ್ಥಿಗಳ ವಿವರ ತುಂಬುವ ಕಂಪನಿ ಪೋರ್ಟಲ್‌ಗಳಲ್ಲಿ ಒಬ್ಬರದ್ದೇ ಪ್ರೊಫೈಲ್ ಎರಡು ಕಡೆಯಿಂದ ಬರದಂತೆ ಪ್ಯಾನ್ ನಂಬರ್ ಅಥವಾ ಹುಟ್ಟಿದ ದಿನಾಂಕ ಕೇಳುವುದುಂಟು. ಆ ಮಾತು ಸುಳ್ಳೇನಲ್ಲ. ಆದರೆ ಅದಕ್ಕೆ ನಂಬರ್ ಸಾಕು, ಕಾರ್ಡಿನ ಫೋಟೋ ಬೇಕಿಲ್ಲ. ಆಧಾರ್ ಅಂತೂ ಆ ಹಂತದಲ್ಲಿ ಬೇಕಾಗುವುದಿಲ್ಲ. ಹುದ್ದೆ, ಕಂಪನಿ ಎರಡೂ ಖಚಿತವಾದ ಮೇಲೆ ಪ್ಯಾನ್ ನಂಬರನ್ನು ಮೇಲ್‌ನಲ್ಲಿ ಬರೆದು ಕೊಡಬಹುದು.

ಇಲ್ಲಿಯೇ ಇನ್ನೊಂದು ಷರತ್ತು ಹಾಕಿ: ‘ನನ್ನ ರೆಸ್ಯೂಮೆಯನ್ನು ಯಾವ ಕಂಪನಿಗೆ ಕಳಿಸುವುದಿದ್ದರೂ ಮೊದಲು ಹೆಸರು ತಿಳಿಸಿ, ನಾನು ಮೇಲ್‌ನಲ್ಲಿ ಒಪ್ಪಿದ ಮೇಲೆ ಕಳಿಸಿ.’ ಮಾಹಿತಿ ಹರಡದಂತೆ ತಡೆಯುವುದು ಇದರ ಒಂದು ಉಪಯೋಗ. ಆದರೆ ದಿನನಿತ್ಯ ಕೆಲಸಕ್ಕೆ ಬರುವ ಉಪಯೋಗ ಬೇರೆ. ಒಂದೇ ಕಂಪನಿಗೆ ಇಬ್ಬರು ಕನ್ಸಲ್ಟೆಂಟರು ನಿಮ್ಮ ಪ್ರೊಫೈಲ್ ಹಾಕಿದರೆ ಕಮಿಷನ್ ಯಾರಿಗೆ ಅನ್ನುವ ಜಗಳ ತಪ್ಪಿಸಲು ಕೆಲವು ಕಂಪನಿಗಳು ಪ್ರೊಫೈಲನ್ನೇ ಬದಿಗಿಡುತ್ತವೆ. ಕೇಳದೆ ಕಳಿಸಿದ ರೆಸ್ಯೂಮೆ ಸುತ್ತಿ ಬಳಸಿ ನಿಮ್ಮ ಈಗಿನ ಕಂಪನಿಯ ಎಚ್‌ಆರ್ ಟೇಬಲ್ಲಿಗೆ ಬಂದರಂತೂ ಕೇಳುವುದೇ ಬೇಡ. ಯಾರಿಗೆ ಯಾವಾಗ ಒಪ್ಪಿಗೆ ಕೊಟ್ಟಿರಿ ಅಂತ ಒಂದು ಪುಸ್ತಕದಲ್ಲೋ ಎಕ್ಸೆಲ್‌ನಲ್ಲೋ ಬರೆದಿಡಿ.

ಹಂತ 6: ಯಾವ ದಾಖಲೆ ಯಾವಾಗ

ಇಂಟರ್‌ವ್ಯೂ ನಡೆಯುವವರೆಗೂ ರೆಸ್ಯೂಮೆ ಬಿಟ್ಟು ಬೇರೇನೂ ಬೇಡ. ಕಂಪನಿಯ ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ ತೋರಿಸಿ. ತೋರಿಸುವುದು ಬೇರೆ, ಪ್ರತಿ ಬಿಟ್ಟುಬರುವುದು ಬೇರೆ.

ಆಯ್ಕೆಯಾಗಿ ಸಂಬಳದ ಮಾತು ನಡೆಯುವಾಗ ಪೇಸ್ಲಿಪ್ ಕೇಳುತ್ತಾರೆ. ಅದರ ಮೇಲಿನ ಬ್ಯಾಂಕ್ ಖಾತೆ, ಪ್ಯಾನ್, ಯುಎಎನ್ (ಪಿಎಫ್ ಸದಸ್ಯರ ಕಾಯಂ ನಂಬರ್) ನಂಬರ್‌ಗಳನ್ನು ಮುಚ್ಚಿ ಕಳಿಸಿ, ಅವರಿಗೆ ಬೇಕಿರುವುದು ಸಂಬಳದ ಅಂಕಿ ಮಾತ್ರ. ಮುಚ್ಚುವ ಬಗೆಯಲ್ಲೂ ಎಚ್ಚರ ಬೇಕು. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಕೆಳಗಿನ ಅಕ್ಷರ ಹಾಗೆಯೇ ಇರುತ್ತದೆ. ಆ ಜಾಗವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ನಂಬರ್ ಹೊರಗೆ ಬರುವ ಸಾಧ್ಯತೆ ಇದೆ. ಚೌಕ ಎಳೆದ ಮೇಲೆ ಸ್ಕ್ರೀನ್‌ಶಾಟ್ ತೆಗೆದು ಆ ಚಿತ್ರವನ್ನು ಕಳಿಸಿ, ಇಲ್ಲವೇ ಪ್ರಿಂಟ್ ತೆಗೆದು ಮಾರ್ಕರ್‌ನಿಂದ ಮುಚ್ಚಿ ಸ್ಕ್ಯಾನ್ ಮಾಡಿ. ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪ್ರಮಾಣಪತ್ರವಾದ ಫಾರ್ಮ್ 16ರಲ್ಲಿ ಇನ್ನೂ ಹೆಚ್ಚು ವಿವರ ಇರುವುದರಿಂದ ಪೇಸ್ಲಿಪ್ ಸಾಕಾಗುವ ಕಡೆ ಅದನ್ನು ಕೊಡಬೇಡಿ.

ಆಫರ್ ಲೆಟರ್ ಬಂದ ಮೇಲೆ ಹಿನ್ನೆಲೆ ಪರಿಶೀಲನೆ ಶುರುವಾಗುತ್ತದೆ. ಆಧಾರ್, ಪ್ಯಾನ್, ಅಂಕಪಟ್ಟಿ, ಹಿಂದಿನ ಕಂಪನಿಗಳ ರಿಲೀವಿಂಗ್ ಲೆಟರ್, ಪಿಎಫ್ ಸೇವಾ ವಿವರ ಇವೆಲ್ಲ ಬೇಕಾಗುವುದು ಆಗ. ಈ ಕೆಲಸವನ್ನು ಕಂಪನಿ ಸಾಮಾನ್ಯವಾಗಿ ಹೊರಗಿನ ಪರಿಶೀಲನಾ ಸಂಸ್ಥೆಗೆ ವಹಿಸುತ್ತದೆ. ಅವರು ಕಳಿಸುವ ಒಪ್ಪಿಗೆ ಪತ್ರವನ್ನು ಓದಿ ಸಹಿ ಮಾಡಿ. ಯಾವ ಕಂಪನಿಯ ಪರವಾಗಿ, ಏನೇನು ಪರಿಶೀಲಿಸುತ್ತಾರೆ ಅಂತ ಅದರಲ್ಲಿ ಇರಬೇಕು. ಪರಿಶೀಲನಾ ಸಂಸ್ಥೆಯ ಹೆಸರು ಸರಿಯೇ ಅಂತ ಕಂಪನಿಯ ಎಚ್‌ಆರ್‌ಗೆ ಪ್ರತ್ಯೇಕವಾಗಿ ಮೇಲ್ ಮಾಡಿ ಕೇಳುವುದು ಒಳ್ಳೆಯದು. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಬೇಕೆಂದರೆ ‘ನಾವೇ ಮಾಡಿಸಿಕೊಡ್ತೀವಿ’ ಅನ್ನುವ ಮಧ್ಯವರ್ತಿಗೆ ದಾಖಲೆ ಕೊಡುವ ಬದಲು ಸೇವಾ ಸಿಂಧು ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿ.

ಅಸಲು ಅಂಕಪಟ್ಟಿಯನ್ನು ಯಾವ ಹಂತದಲ್ಲೂ ಯಾರ ಬಳಿಯೂ ಬಿಡಬೇಡಿ. ‘ಜಾಯಿನ್ ಆಗೋವರೆಗೆ ನಮ್ಮ ಹತ್ರ ಇರ್ಲಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೋದರೆ ಎರಡನೇ ಪ್ರತಿ ಮಾಡಿಸಲು ಎಷ್ಟು ಓಡಾಡಬೇಕು ಅನ್ನುವುದು ಮಾಡಿಸಿದವರಿಗೆ ಗೊತ್ತು. ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ ಸಿಗುತ್ತದೆಯೇ ನೋಡಿಕೊಳ್ಳಿ. ಅಲ್ಲಿ ಮಂಡಳಿಯೋ ವಿಶ್ವವಿದ್ಯಾಲಯವೋ ನೇರವಾಗಿ ನೀಡಿದ ದಾಖಲೆಗೆ ಕಾನೂನಿನಲ್ಲಿ ಅಸಲಿನಷ್ಟೇ ಮಾನ್ಯತೆ ಇದೆ.

ಹಂತ 7: ಪ್ರತಿ ಕೊಡಲೇಬೇಕಾದಾಗ

ಮೈಆಧಾರ್ ಪೋರ್ಟಲ್‌ನಲ್ಲಿ ಆಧಾರ್ ಇಳಿಸಿಕೊಳ್ಳುವಾಗ ‘ಮಾಸ್ಕ್ಡ್ ಆಧಾರ್’ ಅನ್ನುವ ಆಯ್ಕೆ ಇರುತ್ತದೆ. ಅದನ್ನು ಟಿಕ್ ಮಾಡಿದರೆ 12 ಅಂಕಿಗಳಲ್ಲಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಬರುತ್ತದೆ. ಗುರುತು ತೋರಿಸಲು ಅದು ಸಾಕು. ಪೂರ್ತಿ ನಂಬರ್ ಬೇಕಾಗುವುದು ಪಿಎಫ್, ಇಎಸ್‌ಐ ನೋಂದಣಿಯಂಥ ಕೆಲಸಕ್ಕೆ, ಅಂದರೆ ಕೆಲಸಕ್ಕೆ ಸೇರುವ ಹೊತ್ತಿಗೆ.

ಕೊಡುವ ಪ್ರತಿಯ ಮೇಲೆ ಅಡ್ಡಲಾಗಿ, ಫೋಟೋ ಮತ್ತು ನಂಬರಿನ ಮೇಲೆ ಹಾದುಹೋಗುವಂತೆ ಬರೆಯಿರಿ:

‘____ ಸಂಸ್ಥೆಯ ನೇಮಕಾತಿ ಪರಿಶೀಲನೆಗೆ ಮಾತ್ರ. ದಿನಾಂಕ ____. ಬೇರೆ ಬಳಕೆಗೆ ಒಪ್ಪಿಗೆ ಇಲ್ಲ.’

ಮೂಲೆಯ ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಎಸೆಯಬಹುದು. ಅಕ್ಷರ ಚಿತ್ರದ ಮೇಲೇ ಇರಲಿ. ಓದುವವರು ಹೊರಗಿನವರಾದರೆ ಇಂಗ್ಲಿಷಿನಲ್ಲೇ ಬರೆಯಿರಿ. ಇದರಿಂದ ಕಳ್ಳತನ ಪೂರ್ತಿ ನಿಲ್ಲುತ್ತದೆ ಅಂತೇನಲ್ಲ. ಆದರೆ ಹೀಗೆ ಬರೆದ ಪ್ರತಿಯನ್ನು ಸಿಮ್‌ಗೋ ಸಾಲಕ್ಕೋ ಬಳಸುವುದು ಕಷ್ಟವಾಗುತ್ತದೆ, ಬಳಸಿದರೆ ಎಲ್ಲಿಂದ ಹೋಯಿತು ಅನ್ನುವುದೂ ಗೊತ್ತಾಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದವರೂ ಮರೆಯುವ ಜಾಗ ಜೆರಾಕ್ಸ್ ಅಂಗಡಿ. ‘ಈ ನಂಬರಿಗೆ ವಾಟ್ಸಾಪ್ ಮಾಡಿ’ ಅಂತ ಗೋಡೆಯ ಮೇಲೆ ಬರೆದಿರುತ್ತದೆ. ನಾವು ಆಧಾರ್, ಪ್ಯಾನ್, ಅಂಕಪಟ್ಟಿ ಎಲ್ಲ ಕಳಿಸಿ ಎರಡೆರಡು ರೂಪಾಯಿಗೆ ಪ್ರಿಂಟ್ ತೆಗೆಸಿಕೊಂಡು ಬರುತ್ತೇವೆ. ಆ ಫೈಲ್‌ಗಳು ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೆಯೇ ಉಳಿಯುತ್ತವೆ. ಪ್ರಿಂಟ್ ಆದ ಮೇಲೆ ‘ಅಣ್ಣಾ, ಡಿಲೀಟ್ ಮಾಡಿಬಿಡಿ’ ಅಂತ ಎದುರಿಗೇ ನಿಂತು ಮಾಡಿಸಿ, ನಿಮ್ಮ ವಾಟ್ಸಾಪ್‌ನಲ್ಲೂ ‘ಎಲ್ಲರಿಗೂ ಅಳಿಸು’ ಒತ್ತಿ. ಕೈಬರಹದ ಸಾಲು ಹಾಕಿ ಸ್ಕ್ಯಾನ್ ಮಾಡಿದ ಪ್ರತಿಯನ್ನೇ ಪ್ರಿಂಟಿಗೆ ಕಳಿಸಿದರೆ ಇನ್ನೂ ಒಳ್ಳೆಯದು.

ಹಂತ 8: ಇವನ್ನು ಯಾವ ಏಜೆನ್ಸಿಗೂ ಕೊಡಬೇಡಿ

ಓಟಿಪಿ. ‘ಪ್ರೊಫೈಲ್ ವೆರಿಫಿಕೇಷನ್‌ಗೆ ಒಂದು ಓಟಿಪಿ ಬಂದಿರುತ್ತೆ, ಹೇಳಿ’ ಅಂದರೆ ಫೋನ್ ಇಟ್ಟುಬಿಡಿ. ಆಧಾರ್ ಓಟಿಪಿಯಿಂದ ಇ-ಕೆವೈಸಿ, ಅಂದರೆ ಆನ್‌ಲೈನ್ ಗುರುತಿನ ದೃಢೀಕರಣ ಮಾಡಬಹುದು, ಇ-ಸೈನ್ ವ್ಯವಸ್ಥೆಯಲ್ಲಿ ಒಂದು ಕರಾರಿಗೆ ನಿಮ್ಮ ಹೆಸರಿನಲ್ಲಿ ಸಹಿಯನ್ನೇ ಹಾಕಬಹುದು. ಆ ಸಂದೇಶವನ್ನು ಪೂರ್ತಿ ಓದುವ ಅಭ್ಯಾಸ ಮಾಡಿಕೊಳ್ಳಿ. ಯಾವುದಕ್ಕಾಗಿ ಬಂದಿದೆ ಅನ್ನುವುದು ಬಹಳ ಸಲ ಅದರಲ್ಲೇ ಇರುತ್ತದೆ.

ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದ ಸೆಲ್ಫಿ, ಅಥವಾ ‘ನಾನು ಇಂಥವನು, ಒಪ್ಪಿದ್ದೇನೆ’ ಅಂತ ಹೇಳುವ ವಿಡಿಯೊ. ಇದು ಖಾತೆ ತೆರೆಯಲು ಬೇಕಾಗುವ ಸಾಮಗ್ರಿ, ಕೆಲಸಕ್ಕಲ್ಲ.

ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್, ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಆಗಿ ಕೂರುವ ಫೈಲ್) ಯಾವುದನ್ನೂ ಹಾಕಿಕೊಳ್ಳಬೇಡಿ. ಪಿಎಫ್ ಖಾತೆಯ ಪಾಸ್‌ವರ್ಡ್ ಬೇಡ. ‘ಸ್ಯಾಲರಿ ಅಕೌಂಟ್ ನಾವೇ ಓಪನ್ ಮಾಡ್ತೀವಿ, ಎಟಿಎಂ ಕಾರ್ಡು, ಸಿಮ್ಮು ನಮ್ಮ ಹತ್ರ ಇರ್ಲಿ’ ಅನ್ನುವವರ ವಿಚಾರದಲ್ಲಿ ಸುಮ್ಮನೆ ನಿರಾಕರಿಸಿದರೆ ಸಾಲದು, ದೂರು ಕೊಡಬೇಕು. ಸೈಬರ್ ವಂಚನೆಯ ಹಣ ಸಾಗಿಸಲು ಇಂಥ ಖಾತೆಗಳನ್ನೇ ಬಳಸುತ್ತಾರೆ. ತನಿಖೆ ಶುರುವಾದಾಗ ಪೊಲೀಸರು ಬಾಗಿಲು ತಟ್ಟುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಯದ್ದು.

ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಕೇಳುವವರ ಬಗ್ಗೆ ನೀವೇ ಸಾಕಷ್ಟು ಕೇಳಿರುತ್ತೀರಿ, ಬಿಡಿ.

ಹಂತ 9: ಮ್ಯಾನ್‌ಪವರ್ ಏಜೆನ್ಸಿ, ಗಲ್ಫ್ ಏಜೆಂಟ್

ಏಜೆನ್ಸಿಯೇ ಸಂಬಳ ಕೊಡುವುದಾದರೆ ಮೇಲಿನ ಸರದಿ ಸ್ವಲ್ಪ ಬದಲಾಗುತ್ತದೆ. ಪಿಎಫ್, ಇಎಸ್‌ಐ ಕಟ್ಟಬೇಕಾದವರು ಅವರು, ಆದ್ದರಿಂದ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಕೊಡಲೇಬೇಕಾಗುತ್ತದೆ. ಇಲ್ಲಿ ಕೇಳಬೇಕಾದದ್ದು ನೇಮಕಾತಿ ಪತ್ರ. ಏಜೆನ್ಸಿಯ ಹೆಸರಿರುವ ಪತ್ರ ಕೈಗೆ ಬರುವ ಮುಂಚೆ ಪ್ರತಿ ಕೊಡಬೇಡಿ. ಸೇರಿದ ಎರಡು ತಿಂಗಳ ನಂತರ ಪಿಎಫ್ ಪಾಸ್‌ಬುಕ್‌ನಲ್ಲಿ ದುಡ್ಡು ಬಿದ್ದಿದೆಯೇ ನೋಡಿ. ದಾಖಲೆ ಮಾತ್ರ ತೆಗೆದುಕೊಂಡು ಪಿಎಫ್ ಕಟ್ಟದವರು ಇದ್ದಾರೆ. ಸೆಕ್ಯೂರಿಟಿ ಗಾರ್ಡ್ ಏಜೆನ್ಸಿಯಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಅದಕ್ಕೆ ಪರವಾನಗಿ ಇರಬೇಕು. ನಂಬರ್ ಕೇಳಿ.

ಕರಾವಳಿಯಿಂದ ದುಬೈ, ಸೌದಿ, ಕುವೈತ್‌ಗೆ ಹೋಗುವವರಿಗೆ ಪಾಸ್‌ಪೋರ್ಟೇ ಮುಖ್ಯ ದಾಖಲೆ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆ. ನಿಯಮದ ಪ್ರಕಾರ ಅವರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿ ಸಮೇತ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ ಅಂತ 1967ರ ಪಾಸ್‌ಪೋರ್ಟ್ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ‘ಸೆಕ್ಯೂರಿಟಿಗೆ’ ಅಂತ ಅದನ್ನು ಇಟ್ಟುಕೊಳ್ಳುವ ಹಕ್ಕು ಏಜೆಂಟನಿಗಿಲ್ಲ. ವೀಸಾ ಸ್ಟಾಂಪಿಂಗ್‌ಗೆ ಕೊಡಬೇಕಾಗಿ ಬಂದರೆ ದಿನಾಂಕ ಹಾಕಿದ ಸ್ವೀಕೃತಿ ಪತ್ರ ಪಡೆದೇ ಕೊಡಿ.

ಥಾಯ್ಲೆಂಡ್, ಕಾಂಬೋಡಿಯಾ ಕಡೆ ‘ಡೇಟಾ ಎಂಟ್ರಿ’, ‘ಡಿಜಿಟಲ್ ಮಾರ್ಕೆಟಿಂಗ್’ ಕೆಲಸ ಅಂತ ಟೆಲಿಗ್ರಾಂನಲ್ಲಿ ಬರುವ ಕರೆಗಳಿಗೆ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡಿ. ಹಾಗೆ ಹೋದ ಭಾರತೀಯರನ್ನು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಿಂದ ಎಚ್ಚರಿಸುತ್ತಲೇ ಬಂದಿದೆ.

ಹಂತ 10: ಕೆಲಸ ಸಿಕ್ಕ ಮೇಲೆ ಗುಡಿಸುವ ಕೆಲಸ

ಹೊಸ ಕೆಲಸದ ಖುಷಿಯಲ್ಲಿ ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಪೋರ್ಟಲ್‌ಗಳಲ್ಲಿ ಪ್ರೊಫೈಲ್ ಅಡಗಿಸಿ ಅಥವಾ ಅಳಿಸಿ. ಪುಸ್ತಕದಲ್ಲಿ ಬರೆದಿಟ್ಟ ಕನ್ಸಲ್ಟೆನ್ಸಿಗಳಿಗೆ ಒಂದು ಮೇಲ್ ಹಾಕಿ:

‘ಮಾನ್ಯರೇ, ದಿನಾಂಕ ____ರಂದು ನನ್ನ ರೆಸ್ಯೂಮೆ ಹಾಗೂ ____ ದಾಖಲೆಗಳನ್ನು ನಿಮಗೆ ಕಳಿಸಿದ್ದೆ. ಈಗ ನಾನು ಕೆಲಸ ಹುಡುಕುತ್ತಿಲ್ಲ. ನನ್ನ ಮಾಹಿತಿ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದೇನೆ. ಯಾವ ಯಾವ ಸಂಸ್ಥೆಗಳಿಗೆ ನನ್ನ ಮಾಹಿತಿ ಕಳಿಸಿದ್ದೀರಿ ಅನ್ನುವುದನ್ನು ತಿಳಿಸಿ, ನಿಮ್ಮಲ್ಲಿರುವ ಪ್ರತಿಗಳನ್ನು ಅಳಿಸಿ, ಅಳಿಸಿರುವುದನ್ನು ಈ ಮೇಲ್‌ಗೆ ಉತ್ತರವಾಗಿ ಖಚಿತಪಡಿಸಿ.’

2023ರ ಕಾಯ್ದೆ ಒಪ್ಪಿಗೆ ಹಿಂತೆಗೆದುಕೊಳ್ಳುವ, ಮಾಹಿತಿ ಅಳಿಸಲು ಕೇಳುವ, ಯಾರಿಗೆ ಹಂಚಿದ್ದಾರೆ ಎಂದು ತಿಳಿಯುವ ಹಕ್ಕುಗಳನ್ನು ಕೊಟ್ಟಿದೆ. ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲೂ ಆಗಬೇಕು ಅನ್ನುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು, ಅಂದರೆ ಕನ್ನಡದಲ್ಲೂ ಕೇಳಬಹುದು. ಆದರೆ ವಾಸ್ತವವನ್ನೂ ಹೇಳಬೇಕು. ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅಲ್ಲಿಯವರೆಗೆ ನಿಮ್ಮ ಮೇಲ್‌ಗೆ ಉತ್ತರ ಬರದೇ ಇರಬಹುದು. ಆದರೂ ಕಳಿಸಿ. ಮುಂದೆ ದೂರು ಕೊಡಬೇಕಾಗಿ ಬಂದರೆ ದಿನಾಂಕವಿರುವ ಆ ಮೇಲ್ ನಿಮ್ಮ ಕೈಯಲ್ಲಿರುತ್ತದೆ.

ಹಂತ 11: ಮಾಹಿತಿ ಸೋರಿದೆಯೇ ಅಂತ ನೋಡುವುದು, ಸೋರಿದ್ದರೆ ಮಾಡಬೇಕಾದದ್ದು

ಕೆಲವು ತಿಂಗಳಿಗೊಮ್ಮೆ ಇಷ್ಟನ್ನು ನೋಡಿಕೊಂಡರೆ ಸಾಕು. ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಅನ್ನುವುದು ಕಾಣುತ್ತದೆ. ನಿಮ್ಮದಲ್ಲದ್ದನ್ನು ಅಲ್ಲಿಯೇ ‘ನನ್ನದಲ್ಲ’ ಅಂತ ಗುರುತಿಸಬಹುದು. ಮೈಆಧಾರ್‌ನಲ್ಲಿ ದೃಢೀಕರಣ ಇತಿಹಾಸ ತೆಗೆದರೆ ಕಳೆದ ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಗೊತ್ತಾಗುತ್ತದೆ. ಅಲ್ಲೇ ಬಯೋಮೆಟ್ರಿಕ್ ಲಾಕ್ ಕೂಡ ಮಾಡಬಹುದು, ಆದರೆ ಅದು ಬೆರಳಚ್ಚಿನ ದುರ್ಬಳಕೆಯನ್ನು ತಡೆಯುತ್ತದೆಯೇ ಹೊರತು ನೀವೇ ಹೇಳಿದ ಓಟಿಪಿಯನ್ನಲ್ಲ. ಆದಾಯ ತೆರಿಗೆ ಪೋರ್ಟಲ್‌ನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನೀವು ಕೆಲಸವೇ ಮಾಡದ ಕಂಪನಿಯಿಂದ ಸಂಬಳ ಬಂದಂತೆ ತೋರಿಸಿದ್ದರೆ ನಿಮ್ಮ ಪ್ಯಾನ್ ಯಾರದ್ದೋ ಲೆಕ್ಕದ ಪುಸ್ತಕ ಸೇರಿದೆ ಅಂತ ಅರ್ಥ. ಅದೇ ಪುಟದಲ್ಲಿ ಆಕ್ಷೇಪ ಸಲ್ಲಿಸಿ.

ಸಾಲದ ವಿಷಯಕ್ಕೆ ಕ್ರೆಡಿಟ್ ವರದಿ ನೋಡಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಮ್ಮೆ ಒಂದೊಂದರಿಂದ ತೆಗೆದುಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ನಿಮ್ಮದಲ್ಲದ ಸಾಲ ಕಂಡರೆ ಆ ಸಂಸ್ಥೆಗೂ ಸಾಲ ಕೊಟ್ಟ ಬ್ಯಾಂಕಿಗೂ ದೂರು ಕೊಡಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹಾರುವ ಮುಂಚೆ ತಡೆಹಿಡಿಯುವ ಅವಕಾಶ ಹೆಚ್ಚು. ಹಣ ಹೋಗಿಲ್ಲ, ದಾಖಲೆ ಮಾತ್ರ ದುರ್ಬಳಕೆಯಾಗಿದೆ ಅಂದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ, ಇಲ್ಲವೇ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬೇರೆಯವರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡದ ಅಪರಾಧ. ಏಜೆನ್ಸಿಯೊಂದಿಗಿನ ವಾಟ್ಸಾಪ್ ಮಾತುಕತೆಯನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಅದನ್ನು ಎಕ್ಸ್‌ಪೋರ್ಟ್ ಮಾಡಿ, ನೀವು ಕಳಿಸಿದ ಫೈಲ್‌ಗಳ ಪಟ್ಟಿ, ಬಂದ ಕರೆಗಳ ನಂಬರ್ ಮತ್ತು ಸಮಯದ ಜೊತೆ ಠಾಣೆಗೆ ಒಯ್ಯಿರಿ. ಬರುವಾಗ ದೂರಿನ ಸ್ವೀಕೃತಿ ಪ್ರತಿ ಕೇಳಿ ತನ್ನಿ. ಬ್ಯಾಂಕು, ಕ್ರೆಡಿಟ್ ಸಂಸ್ಥೆ, ಸಿಮ್ ಕಂಪನಿಗೆ ಬರೆಯುವ ದೂರುಗಳಿಗೆ ಅದನ್ನೇ ಲಗತ್ತಿಸಬೇಕಾಗುತ್ತದೆ.